ನಾಲ್ಕು ಸಿಲಿಂಡರಿನ ಆರ್‌ಪಿಎಂ ಮೀಟರಿಗೆ ವಿ8 ಲೆಕ್ಕ ಕಲಿಸುವುದು: ಹಳೆಯ ಎಂಜಿಬಿಯ ಸ್ಮಿತ್ಸ್ ಕಂಪನಿಯ ಮೀಟರ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಾನೆಟ್ ಕೆಳಗೆ ಎಂಟು ಸಿಲಿಂಡರಿನ ರೋವರ್ ವಿ8 ಎಂಜಿನ್ ಕೂರಿಸಿ ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ನಾನೂ ಪಕ್ಕದಲ್ಲೇ ನಿಂತಿದ್ದೆ. ಕಾರು ಗೆಳೆಯನದು. ಪುತ್ತೂರಿನವನು, ಈಗ ಆಕ್ಸ್‌ಫರ್ಡ್ ಹತ್ತಿರ ಮನೆ. ಈ ಕಾರು ತಯಾರಾದ ಆಬಿಂಗ್‌ಡನ್ ಅಲ್ಲಿಂದ ತುಂಬ ದೂರವೇನಿಲ್ಲ. ಎಂಜಿನ್ ಮೆತ್ತಗೆ ಗುರುಗುಡುತ್ತಿತ್ತು. ಕಿವಿಗೆ 750 ಆರ್‌ಪಿಎಂ ಇರಬಹುದು ಅನ್ನಿಸುತ್ತಿತ್ತು. ಮೀಟರ್ ಮಾತ್ರ 1500 ತೋರಿಸುತ್ತಿತ್ತು. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಸಾಕು, ಮುಳ್ಳು ಹಾರಿ ಕೆಂಪು ಗೆರೆ ದಾಟುತ್ತಿತ್ತು. "ಎಂತ ಮಾರಾಯ, ಇಷ್ಟು ಬೇಗ ಮೀಟರ್ ಹಾಳಾಯಿತಾ?" ಅಂದ.

ಹಾಳಾಗಿರಲಿಲ್ಲ. ಲೆಕ್ಕ ಸರಿಯಾಗಿಯೇ ಮಾಡುತ್ತಿತ್ತು, ಬೇರೆ ಎಂಜಿನ್‌ನ ಲೆಕ್ಕ ಅಷ್ಟೆ.

ಇಂಥ ಹೊತ್ತಿನಲ್ಲಿ ಜಾಸ್ತಿ ಜನ ಹಳೆಯ ಮೀಟರ್ ಕಿತ್ತು ಹೊಸದೊಂದನ್ನು ಹಾಕಿಬಿಡುತ್ತಾರೆ. ಪಕ್ಕದ ಸ್ಪೀಡೋಮೀಟರಿಗೂ ಹೊಸ ಮೀಟರಿಗೂ ಅಕ್ಷರ ಹೊಂದುವುದಿಲ್ಲ, ಮುಳ್ಳಿನ ಬಣ್ಣ ಹೊಂದುವುದಿಲ್ಲ, ರಾತ್ರಿ ಬೆಳಕೂ ಬೇರೆ. ನನ್ನ ಪ್ರಕಾರ ಡ್ಯಾಶ್‌ಬೋರ್ಡಿನ ಮುಖವನ್ನು ಹಾಗೇ ಬಿಟ್ಟು ಒಳಗಿನ ಎಣಿಕೆಯನ್ನಷ್ಟೇ ಬದಲಿಸುವುದು ಒಳ್ಳೆಯದು. ಹೆಚ್ಚಿನ ಸಲ ಅದಕ್ಕೆ ಬೇಕಾಗುವುದು ಒಂದೇ ಒಂದು ಕಪ್ಯಾಸಿಟರ್, ಅಂದರೆ ವಿದ್ಯುತ್ ಕೂಡಿಟ್ಟು ಬಿಡುವ ಪುಟ್ಟ ಭಾಗ.

ಮುಳ್ಳು ಎಣಿಸುವುದು ಏನನ್ನು?

ಎಲೆಕ್ಟ್ರಾನಿಕ್ ಆರ್‌ಪಿಎಂ ಮೀಟರಿಗೆ ಎಂಜಿನ್ ಸುತ್ತುವುದು ಕಾಣುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಇಗ್ನಿಷನ್ ಕಾಯಿಲ್‌ನ ಕಿಡಿಗಳು ಮಾತ್ರ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಸಿಲಿಂಡರಿಗೆ ಕ್ರ್ಯಾಂಕ್‌ನ ಎರಡು ಸುತ್ತಿಗೆ ಒಂದು ಕಿಡಿ. ಹಾಗಾಗಿ ನಾಲ್ಕು ಸಿಲಿಂಡರ್ ಇದ್ದರೆ ಸುತ್ತಿಗೆ 2 ಕಿಡಿ, ಆರಿದ್ದರೆ 3, ಎಂಟಿದ್ದರೆ 4. ಒಂದು ಸೆಕೆಂಡಿಗೆ ಎಷ್ಟು ಕಿಡಿ ಎಂದು ತಿಳಿಯಲು ಆರ್‌ಪಿಎಂ ಅನ್ನು ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ 120ರಿಂದ ಭಾಗಿಸಿ.

3000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿಗೆ 100 ಹರ್ಟ್ಸ್, ಆರಕ್ಕೆ 150, ಎಂಟಕ್ಕೆ 200. ನಾಲ್ಕರ ಮೀಟರ್ 200 ಹರ್ಟ್ಸ್ ಕಂಡರೆ 6000 ಎನ್ನುತ್ತದೆ. ಗೆಳೆಯನ ಮುಳ್ಳು ಹಾರಿದ್ದು ಇದಕ್ಕೇ. 7000ದವರೆಗೆ ಅಂಕಿ ಇರುವ ಎಂಜಿಬಿ ಮೀಟರ್ ವಿ8ಗೆ ಹಾಗೇ ಜೋಡಿಸಿದರೆ ನಿಜವಾದ 3500ಕ್ಕೇ ಕೊನೆ ಮುಟ್ಟುತ್ತದೆ.

ಇನ್ನು ಒಳಗಿನ ಕೆಲಸ. ಪ್ರತಿ ಕಿಡಿಗೂ ಮೀಟರಿನ ಒಳಗಿನ ಸರ್ಕ್ಯೂಟ್ ಒಂದೇ ಅಳತೆಯ ಒಂದು ಚಿಕ್ಕ ಪಲ್ಸ್ ಹುಟ್ಟಿಸುತ್ತದೆ. ಒಂದೇ ಎತ್ತರ, ಒಂದೇ ಅಗಲ. ಒಂದೇ ಅಳತೆಯ ಲೋಟದಲ್ಲಿ ಬಕೆಟ್ಟಿಗೆ ನೀರು ಹಾಕಿದ ಹಾಗೆ. ಕಿಡಿ ಬೇಗ ಬೇಗ ಬಂದರೆ ಲೋಟವೂ ಬೇಗ ಬೇಗ ಬೀಳುತ್ತದೆ, ಸರಾಸರಿ ಕರೆಂಟ್ ಏರುತ್ತದೆ, ಮುಳ್ಳು ಮೇಲೆ ಹೋಗುತ್ತದೆ. ಕಿಡಿ ಎರಡು ಪಟ್ಟಾದರೆ ಲೋಟವನ್ನು ಅರ್ಧ ಮಾಡಿದರೆ ಆಯಿತು, ಅಲ್ವಾ? ಆ ಲೋಟದ ಅಳತೆ ನಿರ್ಧರಿಸುವುದು ಒಂದು ಕಪ್ಯಾಸಿಟರ್ ಮತ್ತು ಅದರ ಜೊತೆಗಿನ ರೆಸಿಸ್ಟರ್.

ನಾಲ್ಕರ ಮೀಟರನ್ನು ಎಂಟಕ್ಕೆ ಹಾಕುವಾಗ ಕಪ್ಯಾಸಿಟರ್ ಅರ್ಧ ಆಗಬೇಕು. ನಾಲ್ಕರದ್ದನ್ನು ಆರಕ್ಕೆ ಹಾಕುವಾಗ ಮೂರನೇ ಎರಡು ಭಾಗ. ಆರರದ್ದನ್ನು ಎಂಟಕ್ಕೆ ಹಾಕಿದರೆ ಮುಕ್ಕಾಲು ಭಾಗ. ಆರು ಸಿಲಿಂಡರಿನ ಡಾಟ್ಸನ್ 240ಝಡ್ ಕಾರಿಗೆ ವಿ8 ಹಾಕುವವರಿಗೆ ಈ ಕೊನೆಯ ಲೆಕ್ಕ ಬೇಕಾಗುತ್ತದೆ.

ನಿಮ್ಮದು ಯಾವ ಜಾತಿ ಮೀಟರ್?

ಇದನ್ನು ತಿಳಿಯದೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ತೀರಾ ಹಳೆಯವು ಕೇಬಲ್ ಮೀಟರ್‌ಗಳು. ಎಂಜಿಎ ಕಾರಿನಲ್ಲಿ ಹೀಗೇ ಇತ್ತು, ಎಂಜಿಬಿಯ ಮೊದಮೊದಲ ಮೂರು ಬೇರಿಂಗ್ ಎಂಜಿನ್‌ನಲ್ಲೂ ಇತ್ತು. ಎಂಜಿನ್‌ನಿಂದ ತಿರುಗುವ ಕೇಬಲ್ ಬರುತ್ತದೆ, ಕಿಡಿಯ ಲೆಕ್ಕವೇ ಇಲ್ಲ. ಹೊಸ ಎಂಜಿನ್‌ನಲ್ಲಿ ಆ ಕೇಬಲ್ ಸಿಕ್ಕಿಸಲು ಜಾಗವಿಲ್ಲದಿದ್ದರೆ ಈ ಲೇಖನದ ಕಪ್ಯಾಸಿಟರ್ ದಾರಿ ನಿಮಗಲ್ಲ. ಡಯಲ್ ಉಳಿಸಿಕೊಂಡು ಒಳಗೆ ಎಲೆಕ್ಟ್ರಾನಿಕ್ ಮೀಟರಿನ ಯಂತ್ರ ಕೂರಿಸಬೇಕು. ಮೊದಮೊದಲ ಜಾಗ್ವಾರ್ ಇ-ಟೈಪ್‌ನದು ಇನ್ನೊಂದು ಥರ. ಅದರ ಎಂಜಿನ್‌ನ ಕ್ಯಾಮ್‌ಶಾಫ್ಟ್ ತುದಿಯಲ್ಲಿ ಒಂದು ಪುಟ್ಟ ಜನರೇಟರ್ ಇರುತ್ತದೆ, ಮೀಟರ್ ಅದರ ಕರೆಂಟ್ ಓದುತ್ತದೆ. ಎಂಜಿನ್ ಬದಲಾದರೆ ಜನರೇಟರೂ ಹೋಯಿತು.

1964ರ ಕೊನೆಯಲ್ಲಿ ಐದು ಬೇರಿಂಗ್ ಎಂಜಿನ್ ಜೊತೆಗೆ ಎಂಜಿಬಿಗೆ ಎಲೆಕ್ಟ್ರಾನಿಕ್ ಮೀಟರ್ ಬಂತು. ಡಯಲ್‌ನ ಕೆಳಭಾಗ ಭೂತಗನ್ನಡಿ ಹಿಡಿದು ನೋಡಿ. ಆರ್‌ವಿಐ ಎಂದು ಶುರುವಾಗುವ ನಂಬರ್ ಇದ್ದರೆ ಅದು ಕರೆಂಟ್ ನೋಡುವ ಮೀಟರ್. ಕಾಯಿಲ್‌ಗೆ ಹೋಗುವ ಬಿಳಿ ವೈರ್ ಮೀಟರಿನ ಬೆನ್ನಿನ ಮೂಲಕವೇ ಹಾದುಹೋಗುತ್ತದೆ. ಹಳೆಯವುಗಳಲ್ಲಿ ಆ ವೈರ್ ಹೊರಗೆ ಒಂದು ಕುಣಿಕೆಯ ಹಾಗೆ ಸುತ್ತಿರುತ್ತದೆ, ಆಮೇಲಿನವುಗಳಲ್ಲಿ ಒಳಗೇ ಇದ್ದು ಹೊರಗೆ ಎರಡು ಬುಲೆಟ್ ಕನೆಕ್ಟರ್ ಮಾತ್ರ ಕಾಣುತ್ತವೆ. ಆರ್‌ವಿಸಿ ಎಂದಿದ್ದರೆ ವೋಲ್ಟೇಜ್ ನೋಡುವ ಮೀಟರ್. 1970ರ ದಶಕದ ಎಂಜಿಬಿಗಳಲ್ಲಿ ಇದು ಬಂತು. ಇದಕ್ಕೆ ಕಾಯಿಲ್‌ನ ನೆಗೆಟಿವ್ ಕಡೆಯಿಂದ ಬಿಳಿ-ಕಪ್ಪು ಗೆರೆಯ ಒಂದೇ ಸಿಗ್ನಲ್ ವೈರ್.

ಇನ್ನೊಂದು ವಿಷಯ, ದಯವಿಟ್ಟು ಓದಿ ಮುಂದೆ ಹೋಗಿ. 1967ರವರೆಗಿನ ಎಂಜಿಬಿ ಪಾಸಿಟಿವ್ ಅರ್ತ್. ಅಂದರೆ ಬಾಡಿಗೆ ಬ್ಯಾಟರಿಯ ಪ್ಲಸ್ ಜೋಡಿಸಿರುತ್ತಾರೆ. ಆ ಕಾಲದ ಮೀಟರಿನ ಕೇಸು ಪ್ಲಸ್. ಅಭ್ಯಾಸಬಲದಿಂದ ಕೇಸಿಗೆ ಮೈನಸ್ ಕೊಟ್ಟರೆ ಒಳಗಿನ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳ ಆಯುಸ್ಸು ಅಲ್ಲಿಗೇ ಮುಗಿಯಬಹುದು. ವಿ8 ಹಾಕುವಾಗ ಹೇಗೂ ಆಲ್ಟರ್ನೇಟರ್ ಬರುತ್ತದೆ, ಕಾರು ನೆಗೆಟಿವ್ ಅರ್ತ್ ಆಗುತ್ತದೆ. ಆಗ ಮೀಟರಿನ ಒಳಗೆ ಸಪ್ಲೈ ಟರ್ಮಿನಲ್‌ಗೆ ಬರುವ ಮತ್ತು ಕೇಸಿಗೆ ಬರುವ ಎರಡು ಜೋಡಣೆಗಳನ್ನು ಅದಲು ಬದಲು ಮಾಡಬೇಕು. ಜೊತೆಗೆ ಬಿಳಿ ವೈರಿನ ಕುಣಿಕೆಯ ದಿಕ್ಕನ್ನೂ ತಿರುಗಿಸಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಮುಳ್ಳು ಸುಮ್ನೆ ಮಲಗಿರುತ್ತದೆ.

ಗೆಳೆಯನದು 1969ರ ಜಿಟಿ. ನೆಗೆಟಿವ್ ಅರ್ತ್, ಆರ್‌ವಿಐ, ಒಳಗಿನ ಕುಣಿಕೆ. ಮುಂದೆ ಹೇಳುವುದೆಲ್ಲ ಅದನ್ನು ಇಟ್ಟುಕೊಂಡೇ.

ಹೊಸಬರಿಗೆ ಒಂದು ಮಾತು. ಎಂಜಿಬಿಗೆ ವಿ8 ಹಾಕುವುದು ಹುಚ್ಚಾಟವಲ್ಲ. 1970ರ ದಶಕದ ಆರಂಭದಲ್ಲಿ ಕೆನ್ ಕಾಸ್ಟೆಲ್ಲೊ ಇಂಥ ಕಾರು ಮಾಡಿ ಮಾರಿದರು. ಆಮೇಲೆ ಕಂಪನಿಯೇ 1973ರಿಂದ 1976ರವರೆಗೆ ಎಂಜಿಬಿ ಜಿಟಿ ವಿ8 ಮಾಡಿತು, ಒಟ್ಟು 2591 ಕಾರು. ಮೂಲ 1798 ಸಿಸಿ ಎಂಜಿನ್ ಪೂರ್ತಿ ಕಬ್ಬಿಣ. 3528 ಸಿಸಿಯ ರೋವರ್ ವಿ8 ಅಲ್ಯುಮಿನಿಯಂ, ಅಮೆರಿಕದ ಬ್ಯುಯಿಕ್ ಕಂಪನಿಯ ವಿನ್ಯಾಸದಿಂದ ಬಂದದ್ದು. ಹಾಗಾಗಿ ಗಾತ್ರಕ್ಕೆ ತಕ್ಕಷ್ಟು ಭಾರವಿಲ್ಲ. ನಮಗೆ ಈಗ ಬೇಕಾದ್ದು ಇಷ್ಟು: ಅದಕ್ಕೆ ಒಂದೇ ಡಿಸ್ಟ್ರಿಬ್ಯೂಟರ್, ಒಂದೇ ಕಾಯಿಲ್. ಸುತ್ತಿಗೆ 4 ಕಿಡಿಯೂ ಆ ಒಂದೇ ಕಾಯಿಲ್‌ನಿಂದ.

ಸಾಮಾನು

25 ವ್ಯಾಟ್‌ನ ಸೋಲ್ಡರಿಂಗ್ ಐರನ್, ಸೋಲ್ಡರ್ ಹೀರುವ ಪಂಪ್, ಹರ್ಟ್ಸ್ ಅಳೆಯುವ ಮಲ್ಟಿಮೀಟರ್, 12ರಿಂದ 14.4 ವೋಲ್ಟ್‌ವರೆಗೆ ಹೊಂದಿಸಬಹುದಾದ ಸಪ್ಲೈ ಮತ್ತು ಅದಕ್ಕೆ 1 ಆಂಪಿಯರ್ ಫ್ಯೂಸ್, ಒಂದು ಆರ್ಡುಯಿನೊ ಊನೊ (ಪ್ರೋಗ್ರಾಂ ಮಾಡಬಹುದಾದ ಪುಟ್ಟ ಬೋರ್ಡ್), ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ (ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಒಂದು, 33 ಓಮ್ 10 ವ್ಯಾಟ್‌ನ ಸಿಮೆಂಟ್ ರೆಸಿಸ್ಟರ್, ಮೊಸಳೆ ಕ್ಲಿಪ್‌ಗಳು, ತೆಳು ವೈರ್. ಕಪ್ಯಾಸಿಟರ್‌ಗಳು ಫಿಲ್ಮ್ ಜಾತಿಯವೇ ಆಗಬೇಕು. ಸೆರಾಮಿಕ್ ಬಿಲ್ಲೆಗಳಲ್ಲಿ ಹಲವಕ್ಕೆ ಬಿಸಿಯಾದರೆ ಬೆಲೆ, ಅಂದರೆ ಮೈಕ್ರೊಫ್ಯಾರಡ್ ಅಳತೆ, ಬದಲಾಗುತ್ತದೆ. ಬೇಸಿಗೆಯಲ್ಲಿ ಒಂದು ಆರ್‌ಪಿಎಂ, ಚಳಿಗಾಲದಲ್ಲಿ ಇನ್ನೊಂದು ತೋರಿಸಿದರೆ ಯಾರಿಗೆ ಬೇಕು? ನಾನು ರಜಕ್ಕೆ ಬೆಂಗಳೂರಿಗೆ ಬಂದಾಗ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಬೇರೆ ಬೇರೆ ಅಳತೆಯವನ್ನು ಹತ್ತತ್ತು ಕೊಂಡು ಡಬ್ಬಿ ತುಂಬಿಕೊಂಡಿದ್ದೆ. ಅದೇ ಉಪಯೋಗಕ್ಕೆ ಬಂತು.

ಬಿಚ್ಚುವುದು

ಬ್ಯಾಟರಿಯ ಅರ್ತ್ ಕೇಬಲ್ ಮೊದಲು ತೆಗೆಯಿರಿ. ಡ್ಯಾಶ್ ಹಿಂದೆ ಕೈ ಹಾಕಿ ಮೀಟರ್ ಹಿಡಿದಿರುವ ಕ್ಲ್ಯಾಂಪಿನ ಗುಂಡು ನಟ್ ಬಿಚ್ಚಿ. ವೈರ್ ಕಳಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹಸಿರು ವೈರ್ ಸಪ್ಲೈ, ಕಪ್ಪು ಅರ್ತ್, ಕೆಂಪು-ಬಿಳಿ ದೀಪದ್ದು, ಬಿಳಿ ಎರಡು ಕಾಯಿಲ್ ದಾರಿಯವು. ಬಿಳಿ ಎರಡರಲ್ಲಿ ಯಾವುದು ಕೀ ಕಡೆಯಿಂದ ಬರುತ್ತದೆ, ಯಾವುದು ಕಾಯಿಲ್‌ಗೆ ಹೋಗುತ್ತದೆ ಎಂದು ಟೇಪ್ ಹಚ್ಚಿ ಬರೆದಿಡಿ. ಐವತ್ತು ವರ್ಷ ಹಳೆಯ ಕಾರಿನಲ್ಲಿ ಬಣ್ಣ ನಂಬಬೇಡಿ. ಹಿಂದಿನ ಮಾಲೀಕರು ಕೈಗೆ ಸಿಕ್ಕಿದ ವೈರ್ ಹಾಕಿರುತ್ತಾರೆ.

ಮುಂದಿನ ಕ್ರೋಮ್ ಬಳೆಯ ಒಳಗೆ ಚಿಕ್ಕ ಹಲ್ಲುಗಳಿರುತ್ತವೆ. ಬಳೆಯನ್ನು ನಿಧಾನ ತಿರುಗಿಸಿ ಹಲ್ಲುಗಳು ಕೇಸಿನ ಕಚ್ಚಿಗೆ ಎದುರಾದಾಗ ಅದು ಬಿಡುತ್ತದೆ. ಬಿಗಿದಿದ್ದರೆ ಸ್ವಲ್ಪ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ಮೀಟಬೇಡಿ. ಗಾಜು ತೆಗೆದ ಮೇಲೆ ಡಯಲ್ ಮೇಲೆ ಬೆರಳಿಡಬಾರದು. ಒರೆಸಲೂಬಾರದು. ಹಿಂದೊಮ್ಮೆ ಬೇರೊಂದು ಮೀಟರಿನ ಡಯಲ್‌ಗೆ ಕಲೆ ಇದೆ ಎಂದು ನಾನು ಬಟ್ಟೆಗೆ ಚೂರು ಥಿನ್ನರ್ ಹಾಕಿ ಒರೆಸಿದೆ. ಕಲೆಯೂ ಹೋಯಿತು, 40 ಎಂಬ ಅಂಕಿಯೂ ಹೋಯಿತು. ಮೆತ್ತನೆ ಒಣ ಬ್ರಷ್ ಸಾಕು.

ಕೇಸಿನ ಬೆನ್ನಿನ ಸ್ಕ್ರೂಗಳನ್ನು ಬಿಚ್ಚಿದರೆ ಡಯಲ್, ಮುಳ್ಳು, ಸರ್ಕ್ಯೂಟ್ ಬೋರ್ಡ್ ಎಲ್ಲ ಒಂದೇ ಗಂಟಾಗಿ ಹೊರಬರುತ್ತವೆ. ಮುಳ್ಳು ಕೀಳುವ ಅಗತ್ಯವೇ ಇಲ್ಲ. ಕಿತ್ತರೆ ಸೊನ್ನೆಯ ಜಾಗ ತಪ್ಪುತ್ತದೆ, ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಬೇರೆ ಇದೆ.

ಮೇಜಿನ ಮೇಲೆ ಒಂದು ಸುಳ್ಳು ಎಂಜಿನ್

ಕಾರಿನಲ್ಲೇ ಕೂತು ಎಂಜಿನ್ ಓಡಿಸಿ ಹೊಂದಿಸುತ್ತೇನೆ ಅನ್ನುವವರು ಇದ್ದಾರೆ. ಮಾಡಬಹುದು. ಆದರೆ 5000 ಆರ್‌ಪಿಎಂನಲ್ಲಿ ಹೊಸ ವಿ8 ಅನ್ನು ನಿಲ್ಲಿಸಿ, ಡ್ಯಾಶ್ ಕೆಳಗೆ ತಲೆ ಹಾಕಿ, ಮೀಟರಿನೊಳಗಿನ ಚಿಕ್ಕ ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ತಿರುಗಿಸುವ ಕೆಲಸ ನನಗಂತೂ ಬೇಡ. ಒಂದು ಮಧ್ಯಾಹ್ನದಲ್ಲಿ ಮೇಜಿನ ಮೇಲೇ ಸುಳ್ಳು ಎಂಜಿನ್ ಕಟ್ಟಬಹುದು.

ಆರ್‌ವಿಐ ಮೀಟರಿಗೆ ಬೇಕಾದ್ದು ಕುಣಿಕೆಯಲ್ಲಿ ಹರಿದು ಥಟ್ಟನೆ ನಿಲ್ಲುವ ಕರೆಂಟ್. ಕಾರಿನಲ್ಲಿ ಕಾಯಿಲ್ ಸುಮಾರು 3ರಿಂದ 4 ಆಂಪಿಯರ್ ಎಳೆಯುತ್ತದೆ, ಡಿಸ್ಟ್ರಿಬ್ಯೂಟರಿನೊಳಗಿನ ಸ್ವಿಚ್ಚಾದ ಸಿಬಿ ಪಾಯಿಂಟ್ ತೆರೆದಾಗ ಅದು ನಿಲ್ಲುತ್ತದೆ. ಮೇಜಿನ ಮೇಲೆ ಅಷ್ಟು ಆಂಪಿಯರ್ ಯಾಕೆ? ಬುದ್ಧಿ ಉಪಯೋಗಿಸಿದರೆ ಸಾಕು. ತೆಳು ವೈರನ್ನು, ಕುಣಿಕೆ ಹಾದುಹೋಗುವ ಅದೇ ಕಬ್ಬಿಣದ ಕೋರ್ ಮೂಲಕ ಹತ್ತು ಸುತ್ತು ಸುತ್ತಿ. ಆಗ 0.36 ಆಂಪಿಯರ್ ಕೂಡ 3.6 ಆಂಪಿಯರಿನ ಕೆಲಸ ಮಾಡುತ್ತದೆ. 12 ವೋಲ್ಟಿಗೆ 33 ಓಮ್ ಇಟ್ಟರೆ ಬರುವುದು ಅಷ್ಟೇ ಕರೆಂಟ್. ರೆಸಿಸ್ಟರ್ ಬಿಸಿಯಾಗುತ್ತದೆ, ಮೇಜಿನ ಬಟ್ಟೆಗೆ ತಾಗಿಸಬೇಡಿ.

ಜೋಡಣೆ ಹೀಗೆ: 12 ವೋಲ್ಟ್ ಪ್ಲಸ್‌ನಿಂದ 33 ಓಮ್, ಅಲ್ಲಿಂದ ಹತ್ತು ಸುತ್ತಿನ ವೈರ್, ಅಲ್ಲಿಂದ ಮಾಸ್‌ಫೆಟ್‌ನ ಡ್ರೇನ್. ಸೋರ್ಸ್ ಅರ್ತ್‌ಗೆ. ಗೇಟ್ ಆರ್ಡುಯಿನೊದ 8ನೇ ಪಿನ್ನಿಗೆ, ಗೇಟ್‌ನಿಂದ ಅರ್ತ್‌ಗೆ 10 ಸಾವಿರ ಓಮ್. ಆರ್ಡುಯಿನೊದ ಅರ್ತ್ ಮತ್ತು ಸಪ್ಲೈನ ಅರ್ತ್ ಒಂದೇ ಆಗಿರಬೇಕು. ಆರ್ಡುಯಿನೊದಲ್ಲಿ 'ಟೋನ್' ಎಂಬ ಸಿದ್ಧ ಆದೇಶ ಇದೆ. ಪಿನ್ ನಂಬರ್, ಹರ್ಟ್ಸ್ ಕೊಟ್ಟರೆ ಚೌಕಾಕಾರದ ಅಲೆ ಹೊರಡುತ್ತದೆ. 31 ಹರ್ಟ್ಸ್‌ಗಿಂತ ಕಡಿಮೆಗೆ ಅದು ಇಳಿಯುವುದಿಲ್ಲ, ನಮಗೆ ಅದು ಬೇಕಾಗಿಯೂ ಇಲ್ಲ. ಮಲ್ಟಿಮೀಟರಿನಲ್ಲಿ ಹರ್ಟ್ಸ್ ಒಮ್ಮೆ ಅಳೆದು ಖಾತ್ರಿ ಮಾಡಿಕೊಳ್ಳಿ.

ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ:

1000 ಆರ್‌ಪಿಎಂ: ನಾಲ್ಕು ಸಿಲಿಂಡರಿಗೆ 33 ಹರ್ಟ್ಸ್, ಎಂಟಕ್ಕೆ 67
2000 ಆರ್‌ಪಿಎಂ: 67, 133
3000 ಆರ್‌ಪಿಎಂ: 100, 200
4500 ಆರ್‌ಪಿಎಂ: 150, 300
6000 ಆರ್‌ಪಿಎಂ: 200, 400

ಮೀಟರಿಗೆ ಸಪ್ಲೈ ಕೊಟ್ಟು, ಏನನ್ನೂ ಬದಲಿಸದೆ, ಮೊದಲು ನಾಲ್ಕು ಸಿಲಿಂಡರಿನ ಅಂಕಿಗಳಲ್ಲೇ ಓಡಿಸಿ ನೋಡಿ. ಇದು ಬಹಳ ಮುಖ್ಯ. ಹಳೆಯ ಲೆಕ್ಕವೇ ತಪ್ಪಿದ್ದ ಮೀಟರಿಗೆ ಹೊಸ ಲೆಕ್ಕ ಕಲಿಸಲು ಆಗುವುದಿಲ್ಲ. ಮುಳ್ಳು ಏಳದಿದ್ದರೆ ಹತ್ತು ಸುತ್ತಿನ ವೈರಿನ ಎರಡು ತುದಿ ಅದಲು ಬದಲು ಮಾಡಿ, ಏಕೆಂದರೆ ದಿಕ್ಕು ತಪ್ಪಿದರೆ ಮೀಟರ್ ಸರಿಯಾಗಿ ಎಣಿಸುವುದಿಲ್ಲ. ಆಗಲೂ ಏಳದಿದ್ದರೆ ಸರಿಯಾಗಿ ಕಚ್ಚದ ಸೋಲ್ಡರ್ ಜೋಡಣೆ ಹುಡುಕಿ. ಮುಳ್ಳು ನಡುಗಿದರೆ ಹಳೆಯ ಎಲೆಕ್ಟ್ರೊಲಿಟಿಕ್ ಕಪ್ಯಾಸಿಟರ್ ಒಣಗಿರಬಹುದು, ಅದೇ ಬೆಲೆಯ ಹೊಸದು ಹಾಕಿ. ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಹೆಚ್ಚುಕಡಿಮೆ ತೋರಿಸಿದರೆ ಚಿಂತೆಯಿಲ್ಲ, ಅದನ್ನು ಪಾಟ್ ಸರಿಮಾಡುತ್ತದೆ.

ಗೆಳೆಯನ ಮೀಟರ್ 100 ಹರ್ಟ್ಸ್‌ಗೆ 3000ದ ಬದಲು 2800 ತೋರಿಸಿತು. ಆ ವಯಸ್ಸಿಗೆ ಒಳ್ಳೆಯ ಆರೋಗ್ಯವೇ.

ಆ ಒಂದು ಕಪ್ಯಾಸಿಟರ್ ಹುಡುಕುವುದು

ಪಾಟ್ ತಿರುಗಿಸಿಯೇ ಅರ್ಧಕ್ಕೆ ಇಳಿಸಿದರಾಗದೇ ಎಂದು ಕೇಳಬಹುದು. ಸಾಮಾನ್ಯವಾಗಿ ಅಷ್ಟು ದೂರ ಅದು ಬರುವುದಿಲ್ಲ. ಬಂದರೂ ಇನ್ನೊಂದು ತೊಂದರೆ ಇದೆ. ನಾಲ್ಕು ಸಿಲಿಂಡರಿನಲ್ಲಿ 7000ಕ್ಕೆ ಎರಡು ಕಿಡಿಗಳ ನಡುವೆ 4.3 ಮಿಲಿಸೆಕೆಂಡ್ ಸಮಯ ಇರುತ್ತದೆ. ವಿ8ನಲ್ಲಿ ಅದು 2.1ಕ್ಕೆ ಇಳಿಯುತ್ತದೆ. ಪಲ್ಸ್‌ನ ಅಗಲ ಹಾಗೇ ಇದ್ದರೆ ಒಂದು ಪಲ್ಸ್ ಮುಗಿಯುವ ಮುನ್ನ ಮುಂದಿನ ಕಿಡಿ ಬಂದು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಕೆಳಗೆ ಸರಿ ತೋರಿಸಿ ಮೇಲೆ ಹೋದಂತೆ ಮುಳ್ಳು ಹಿಂದೆ ಬೀಳುತ್ತದೆ. ಕೆಂಪು ಗೆರೆಯ ಹತ್ತಿರ ಸುಳ್ಳು ಹೇಳುವ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಹಾಗಾಗಿ ಪಲ್ಸ್‌ನ ಅಗಲವನ್ನೇ ತಗ್ಗಿಸಬೇಕು.

ಬೋರ್ಡಿನಲ್ಲಿ ಕೆಲವೇ ಕಪ್ಯಾಸಿಟರ್‌ಗಳಿರುತ್ತವೆ. ಎರಡು ಟ್ರಾನ್ಸಿಸ್ಟರ್‌ಗಳ ನಡುವೆ, ಒಂದರ ಕಲೆಕ್ಟರ್‌ನಿಂದ ಇನ್ನೊಂದರ ಬೇಸ್‌ಗೆ ಹೋಗಿರುವುದು ನಮಗೆ ಬೇಕಾದ್ದು. ಕಣ್ಣಿಗೆ ಖಚಿತವಾಗದಿದ್ದರೆ ಸುಲಭದ ಪರೀಕ್ಷೆ ಇದೆ. 50 ಹರ್ಟ್ಸ್ ಕೊಟ್ಟು ಮುಳ್ಳು 1500ರ ಹತ್ತಿರ ನಿಲ್ಲಲಿ. ಸಪ್ಲೈ ಆರಿಸಿ, ಅನುಮಾನದ ಕಪ್ಯಾಸಿಟರಿಗೆ ಸಮಾನಾಂತರವಾಗಿ ಅದೇ ಬೆಲೆಯ ಇನ್ನೊಂದನ್ನು ಕ್ಲಿಪ್ ಹಾಕಿ, ಮತ್ತೆ ಹಚ್ಚಿ. ಮುಳ್ಳು ಹೆಚ್ಚುಕಮ್ಮಿ 3000ಕ್ಕೆ ಏರಿದರೆ ಕಳ್ಳ ಸಿಕ್ಕ. ಏರದಿದ್ದರೆ ಅದು ಬೇರೆ ಕೆಲಸದ ಕಪ್ಯಾಸಿಟರ್, ಮುಟ್ಟಬೇಡಿ.

ಈಗ ಅದರ ಬೆಲೆ ಓದಿ. ಉದಾಹರಣೆಗೆ 0.22 ಮೈಕ್ರೊಫ್ಯಾರಡ್ ಇದ್ದರೆ ಅರ್ಧ 0.11. ಅಂಗಡಿಯಲ್ಲಿ ಸಿಗುವುದು 0.1. ಉಳಿದದ್ದನ್ನು ಪಾಟ್ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ 0.1ಕ್ಕೆ ಸಮಾನಾಂತರವಾಗಿ 0.01 ಸೇರಿಸಿ. ಇನ್ನೊಂದು ಚಿಕ್ಕ ಉಪಾಯ: ಮೂಲದ ಬೆಲೆಯದೇ ಎರಡನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದರೆ ಸರಿಯಾಗಿ ಅರ್ಧ ಸಿಗುತ್ತದೆ. ಮೈಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಒಂದು ಕಾಲು ಬಿಡಿಸಿ ಮಲ್ಟಿಮೀಟರಿನಲ್ಲಿ ಅಳೆಯಿರಿ.

ಸೋಲ್ಡರ್ ಮಾಡುವಾಗ ಪಕ್ಕದ ಟ್ರಾನ್ಸಿಸ್ಟರಿನ ಕಾಲಿಗೆ ಒಂದು ಮೊಸಳೆ ಕ್ಲಿಪ್ ಕಚ್ಚಿಸಿ. ಬಿಸಿ ಅದಕ್ಕೆ ಹೋಗುತ್ತದೆ. ಜರ್ಮೇನಿಯಂ ಟ್ರಾನ್ಸಿಸ್ಟರ್ ಶಾಖಕ್ಕೆ ಬಹಳ ಬೇಗ ಸೋಲುತ್ತದೆ. ಐರನ್ ಮೂರು ಸೆಕೆಂಡಿಗಿಂತ ಜಾಸ್ತಿ ಒಂದೇ ಕಡೆ ಇಡಬೇಡಿ. ಆ ಕಾಲದ ಬೋರ್ಡಿನ ತಾಮ್ರದ ಗೆರೆ ಎದ್ದು ಬರುತ್ತದೆ. ಕಿತ್ತ ಹಳೆಯ ಕಪ್ಯಾಸಿಟರ್ ಬಿಸಾಡದೆ ಒಂದು ಪೊಟ್ಟಣದಲ್ಲಿ ಕಟ್ಟಿಡಿ.

ಕ್ಯಾಲಿಬ್ರೇಷನ್

ಸಪ್ಲೈ 13.8 ವೋಲ್ಟಿಗೆ ಇಡಿ, ಓಡುವ ಕಾರಿನಲ್ಲಿ ಇರುವುದು ಹತ್ತಿರ ಹತ್ತಿರ ಅಷ್ಟೇ. ಮೀಟರನ್ನು ಡ್ಯಾಶಿನಲ್ಲಿ ಇರುವ ಓರೆಯಲ್ಲೇ ನಿಲ್ಲಿಸಿ. 200 ಹರ್ಟ್ಸ್ ಕೊಟ್ಟು ಪಾಟ್‌ನಿಂದ ಮುಳ್ಳನ್ನು 3000ಕ್ಕೆ ತನ್ನಿ. ಅರ್ಧ ಗಂಟೆ ಹಾಗೇ ಓಡಲಿ, ಬಿಸಿಯಾಗಲಿ. ಮತ್ತೆ ನೋಡಿ, ಬೇಕಿದ್ದರೆ ತಿದ್ದಿ. ಆಮೇಲೆ 67, 133, 300, 400 ಹರ್ಟ್ಸ್‌ಗಳನ್ನು ಒಂದೊಂದಾಗಿ ಕೊಟ್ಟು ಮುಳ್ಳು ತೋರಿಸಿದ್ದನ್ನು ಬರೆದುಕೊಳ್ಳಿ.

ಇಲ್ಲಿ ಸ್ವಲ್ಪ ವಿವೇಕ ಬೇಕು. ಎಲ್ಲ ಬಿಂದುಗಳಲ್ಲೂ ಕರಾರುವಾಕ್ಕಾಗಿ ಬರುವುದಿಲ್ಲ, ಹೊಸದಿದ್ದಾಗಲೂ ಬರುತ್ತಿರಲಿಲ್ಲ. ನಾನು 4500ರಿಂದ 5500ರ ನಡುವೆ ಸರಿ ಇರಲಿ, ಐಡಲ್‌ನಲ್ಲಿ 50-100 ಆಚೀಚೆ ಆದರೂ ಪರವಾಗಿಲ್ಲ ಎಂದು ಹೊಂದಿಸುತ್ತೇನೆ. ಎಂಜಿನ್ ಹಾಳಾಗುವುದು ಮೇಲೆ, ಕೆಳಗಲ್ಲ. ಮೇಲಿನ ತುದಿಯಲ್ಲಿ ಮಾತ್ರ ಮುಳ್ಳು ಹಿಂದೆ ಬೀಳುತ್ತಿದ್ದರೆ ಪಲ್ಸ್ ಇನ್ನೂ ಅಗಲವಾಗಿದೆ ಎಂದರ್ಥ. ಕಪ್ಯಾಸಿಟರ್ ಇನ್ನೊಂದು ಮೆಟ್ಟಿಲು ಇಳಿಸಿ ಪಾಟ್ ಏರಿಸಿ. ಕೊನೆಗೆ ಸಪ್ಲೈ 12ಕ್ಕೆ ಇಳಿಸಿ, 14.4ಕ್ಕೆ ಏರಿಸಿ ನೋಡಿ. ಮುಳ್ಳು ತುಂಬ ಅಲ್ಲಾಡಿದರೆ ಒಳಗಿನ ವೋಲ್ಟೇಜ್ ಸ್ಥಿರವಾಗಿಲ್ಲ ಎಂದು ತಿಳಿಯಿರಿ. ಅಂಥ ಮೀಟರಿಗೆ ಮುಂದಿನ ದಾರಿಯೇ ಸರಿ.

ಬೋರ್ಡ್ ಸತ್ತಿದ್ದರೆ

ಹಳೆಯ ಟ್ರಾನ್ಸಿಸ್ಟರ್ ಹುಡುಕಿಕೊಂಡು ಅಲೆಯಬೇಡಿ. ಮುಳ್ಳಿನ ಯಂತ್ರ, ಅಂದರೆ ಸುರುಳಿ ಮತ್ತು ಅಯಸ್ಕಾಂತ, ಚೆನ್ನಾಗಿದ್ದರೆ ಎಲ್‌ಎಂ2917 ಎಂಬ ಐಸಿ ಹಾಕಿ ಹೊಸ ಬೋರ್ಡ್ ಮಾಡಬಹುದು. ಹರ್ಟ್ಸ್ ಅನ್ನು ವೋಲ್ಟೇಜ್ ಮಾಡುವುದೇ ಅದರ ಕೆಲಸ. ಒಳಗೇ ಝೀನರ್ (ವೋಲ್ಟೇಜನ್ನು ಮಿತಿಯಲ್ಲಿಡುವ ಡಯೋಡ್) ಇರುವುದರಿಂದ 12 ವೋಲ್ಟಿನಿಂದ 470 ಓಮ್ ಮೂಲಕ ಕೊಟ್ಟರೆ ತನ್ನ ಸಪ್ಲೈ ಅನ್ನು 7.56 ವೋಲ್ಟ್ ಆಸುಪಾಸಿನಲ್ಲಿ ತಾನೇ ಸ್ಥಿರ ಮಾಡಿಕೊಳ್ಳುತ್ತದೆ.

ಅದರ ಲೆಕ್ಕ ಸರಳ. ಹೊರಬರುವ ವೋಲ್ಟೇಜ್ ಎಂದರೆ ಆ 7.56ಕ್ಕೆ ಹರ್ಟ್ಸ್, ಟೈಮಿಂಗ್ ಕಪ್ಯಾಸಿಟರ್, ಟೈಮಿಂಗ್ ರೆಸಿಸ್ಟರ್ ಮೂರನ್ನೂ ಗುಣಿಸಿದ್ದು. 0.01 ಮೈಕ್ರೊಫ್ಯಾರಡ್, 1 ಲಕ್ಷ ಓಮ್ ಹಾಕಿದೆವು ಎನ್ನಿ. ವಿ8ನ 7000ಕ್ಕೆ 467 ಹರ್ಟ್ಸ್. ಗುಣಿಸಿದರೆ ಸುಮಾರು 3.5 ವೋಲ್ಟ್. ರೆಸಿಸ್ಟರಿಗೆ ಸಮಾನಾಂತರವಾಗಿ 1 ಮೈಕ್ರೊಫ್ಯಾರಡ್ ಹಾಕಿದರೆ ಮುಳ್ಳು ನಡುಗುವುದಿಲ್ಲ. ಜಾಸ್ತಿ ಹಾಕಿದರೆ ಮುಳ್ಳು ಸೋಮಾರಿಯಾಗುತ್ತದೆ.

ಮುಳ್ಳಿನ ಸುರುಳಿಗೆ ಎಷ್ಟು ಕರೆಂಟ್ ಬೇಕು ಎಂದು ನೀವೇ ಅಳೆಯಿರಿ. ಸುರುಳಿಯನ್ನು ಹಳೆಯ ಬೋರ್ಡಿನಿಂದ ಬಿಡಿಸಿ. 1.5 ವೋಲ್ಟ್ ಸೆಲ್, 10 ಸಾವಿರ ಓಮ್‌ನ ಪಾಟ್, ಮಿಲಿಆಂಪಿಯರ್‌ಗೆ ಇಟ್ಟ ಮಲ್ಟಿಮೀಟರ್, ಸುರುಳಿ, ಎಲ್ಲ ಸರಣಿಯಲ್ಲಿ. ಪಾಟ್ ಪೂರ್ತಿ ಹೆಚ್ಚಿನ ಓಮ್‌ನಿಂದ ಶುರು ಮಾಡಿ, ಮುಳ್ಳು 7000ಕ್ಕೆ ಬಂದಾಗ ನಿಲ್ಲಿಸಿ ಓದಿ. 5 ಮಿಲಿಆಂಪಿಯರ್ ಬಂತೆನ್ನಿ. 3.5 ವೋಲ್ಟಿಗೆ ಒಟ್ಟು 700 ಓಮ್ ಬೇಕು, ಅದರಲ್ಲಿ ಸುರುಳಿಯದನ್ನು ಕಳೆದರೆ ಉಳಿದದ್ದು ಹೊರಗಿನ ರೆಸಿಸ್ಟರ್. 1000 ಓಮ್‌ನ ಟ್ರಿಮ್‌ಪಾಟ್ ಹಾಕಿದರೆ ಅಲ್ಲೇ ಕ್ಯಾಲಿಬ್ರೇಷನ್ ಕೂಡ ಆಯಿತು.

ಸಿಗ್ನಲ್ ಕಡೆ ಎಚ್ಚರ. ಕಾಯಿಲ್‌ನ ನೆಗೆಟಿವ್ ತುದಿಯಲ್ಲಿ ಕಿಡಿ ಹಾರುವಾಗ ಕೆಲವು ನೂರು ವೋಲ್ಟ್ ಚಿಮ್ಮುತ್ತದೆ. ಐಸಿಯ ಸಿಗ್ನಲ್ ಪಿನ್ ತಾಳುವುದು 28 ವೋಲ್ಟ್. ಎರಡು 22 ಸಾವಿರ ಓಮ್ ಅನ್ನು ಸರಣಿಯಲ್ಲಿ ಹಾಕಿ, ಆಮೇಲೆ ಅರ್ತ್‌ಗೆ 15 ವೋಲ್ಟ್ ಝೀನರ್, ಅದರ ಪಕ್ಕ 0.01 ಮೈಕ್ರೊಫ್ಯಾರಡ್. ಅಲ್ಲಿಂದ 0.1 ಮೈಕ್ರೊಫ್ಯಾರಡ್ ಮೂಲಕ ಐಸಿಗೆ, ಐಸಿ ಕಡೆ ಅರ್ತ್‌ಗೆ 10 ಸಾವಿರ ಓಮ್. ಈ ಐಸಿ ಸಿಗ್ನಲ್ ಸೊನ್ನೆ ದಾಟಿ ಕೆಳಗಿಳಿಯುವುದನ್ನು ಎಣಿಸುತ್ತದೆ, ಹಾಗಾಗಿ ಆ 0.1 ಕಪ್ಯಾಸಿಟರ್ ಬಿಟ್ಟುಬಿಡಬೇಡಿ. ಈ ಬೋರ್ಡ್ ಹಾಕಿದ ಮೇಲೆ ಮೀಟರ್ ಕರೆಂಟ್ ನೋಡುವ ಜಾತಿಯಿಂದ ವೋಲ್ಟೇಜ್ ನೋಡುವ ಜಾತಿಗೆ ಬದಲಾಗುತ್ತದೆ. ಬಿಳಿ ವೈರಿನ ಎರಡು ಬುಲೆಟ್‌ಗಳನ್ನು ಒಂದಕ್ಕೊಂದು ನೇರ ಜೋಡಿಸಿ. ಮರೆತರೆ ಕಾಯಿಲ್‌ಗೆ ಕರೆಂಟೇ ಹೋಗುವುದಿಲ್ಲ, ಕಾರು ಸ್ಟಾರ್ಟ್ ಆಗುವುದಿಲ್ಲ.

ಹೊಸ ಕಾಲದ ಎಂಜಿನ್ ಹಾಕಿದವರಿಗೆ

ಒಂದೇ ಕಾಯಿಲ್ ಇರುವ ಎಂಜಿನ್‌ಗೆ ಮೇಲಿನದೆಲ್ಲ ಸರಿ. ಎರಡು ಕಾಯಿಲ್ ಇದ್ದು ಪ್ರತಿ ಸುತ್ತಿಗೂ ಜೋಡಿ ಸಿಲಿಂಡರಿಗೆ ಕಿಡಿ ಕೊಡುವ ನಾಲ್ಕು ಸಿಲಿಂಡರ್ ಎಂಜಿನ್ ಆದರೆ, ಒಂದು ಕಾಯಿಲ್‌ನಿಂದ ಸಿಗುವುದು ಸುತ್ತಿಗೆ 1 ಪಲ್ಸ್. ಹಳೆಯ ಮೀಟರ್ ಅರ್ಧ ತೋರಿಸುತ್ತದೆ. ಪ್ರತಿ ಸಿಲಿಂಡರಿಗೂ ಒಂದೊಂದು ಕಾಯಿಲ್ ಇದ್ದರೆ ಕಾಯಿಲ್ ಮುಟ್ಟದೆ ಇಸಿಯುನ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ, ಟ್ಯಾಕೊ ವೈರ್ (ಆರ್‌ಪಿಎಂ ಸಿಗ್ನಲ್ ಕೊಡುವ ವೈರ್) ಹುಡುಕಿ. ಅದು ಸುತ್ತಿಗೆ ಎಷ್ಟು ಪಲ್ಸ್ ಕೊಡುತ್ತದೆ ಎಂಬುದೊಂದೇ ಪ್ರಶ್ನೆ. ಜನರಲ್ ಮೋಟಾರ್ಸ್‌ನ ಎಲ್‌ಎಸ್1 ವಿ8 ಹಾಕಿದವರಿಗೆ ಇಲ್ಲಿ ಒಂದು ತಮಾಷೆ ಕಾದಿರುತ್ತದೆ. ಎಂಜಿನ್‌ಗೆ ಎಂಟು ಸಿಲಿಂಡರ್, ಅದರ ಇಸಿಯು ಸಾಮಾನ್ಯವಾಗಿ ಕೊಡುವುದು ನಾಲ್ಕು ಸಿಲಿಂಡರಿನ ಹಾಗೆ ಸುತ್ತಿಗೆ 2 ಪಲ್ಸ್. ನಾಲ್ಕರ ಮೀಟರಿನ ಲೆಕ್ಕ ಬದಲಿಸುವ ಕೆಲಸವೇ ಇಲ್ಲ.

ಆದರೆ ಇಸಿಯುನ ಸಿಗ್ನಲ್ ತೀರಾ ಸಣ್ಣದು. ಆರ್‌ವಿಐ ಮೀಟರಿಗೆ ಅದು ಕೇಳಿಸುವುದೇ ಇಲ್ಲ. ಮೇಜಿನ ಮೇಲೆ ಕಟ್ಟಿದ ಮಾಸ್‌ಫೆಟ್, 33 ಓಮ್, ಹತ್ತು ಸುತ್ತಿನ ಏರ್ಪಾಡನ್ನೇ ಒಂದು ಡಬ್ಬಿಯಲ್ಲಿ ಕೂರಿಸಿ ಕಾರಿಗೆ ಹಾಕಬಹುದು. ಇಸಿಯು ಸಿಗ್ನಲ್ 12 ವೋಲ್ಟಿನದಾದರೆ ಗೇಟ್‌ಗೆ ಒಂದು ರೆಸಿಸ್ಟರ್ ಮತ್ತು ಝೀನರ್ ಕಾವಲು ಇರಲಿ. ಆರ್‌ವಿಸಿ ಮೀಟರಿಗೆ ಬೇಕಾದ್ದು ಚಿಮ್ಮುವ ವೋಲ್ಟೇಜ್. ಅದಕ್ಕೆ 12 ವೋಲ್ಟ್ ರಿಲೇ ಒಂದರ ಸುರುಳಿಯನ್ನು ಟ್ರಾನ್ಸಿಸ್ಟರಿನಿಂದ ಆರಿಸಿ ಹಚ್ಚಿದರೆ, ಆರಿದಾಗ ಸುರುಳಿ ಒದೆಯುವ ವೋಲ್ಟೇಜೇ ಸಿಗ್ನಲ್ ಆಗುತ್ತದೆ. ರಿಲೇ ಒಳಗಿನ ಕಾಂಟ್ಯಾಕ್ಟ್ ತಗಡು ಕಿತ್ತುಹಾಕಿ, ಇಲ್ಲದಿದ್ದರೆ ಡ್ಯಾಶ್ ಹಿಂದೆ ಜೀರುಂಡೆ ಸಾಕಿದ ಹಾಗೆ ಸದ್ದು ಬರುತ್ತದೆ. ಈ ಸುರುಳಿಗೆ ಅಡ್ಡಲಾಗಿ ಡಯೋಡ್ ಹಾಕಬಾರದು, ಹಾಕಿದರೆ ನಮಗೆ ಬೇಕಾದ ಒದೆತವೇ ಹೋಗುತ್ತದೆ. ಆ ಒದೆತ ತಾಳುವಷ್ಟು ವೋಲ್ಟೇಜಿನ ಟ್ರಾನ್ಸಿಸ್ಟರ್ ಆರಿಸಿಕೊಳ್ಳಿ.

ಕಾರಿಗೆ ವಾಪಸ್

ಕುಣಿಕೆಯ ದಿಕ್ಕು ಟೇಪಿನಲ್ಲಿ ಬರೆದ ಹಾಗೇ ಇರಲಿ. ಎಂಜಿನ್ ಸ್ಟಾರ್ಟ್ ಮಾಡಿ, ಮುಳ್ಳನ್ನು ಬೇರೆ ಸಾಕ್ಷಿಯ ಜೊತೆ ಹೋಲಿಸಿ. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಟೇಪ್ ಅಂಟಿಸಿ ಓದುವ ಲೇಸರ್ ಟ್ಯಾಕೊಮೀಟರ್ ಒಳ್ಳೆಯದು, ಏಕೆಂದರೆ ಅದಕ್ಕೆ ಸಿಲಿಂಡರ್ ಲೆಕ್ಕ ಬೇಕಿಲ್ಲ. ಟೇಪ್ ಅಂಟಿಸುವುದು ಎಂಜಿನ್ ನಿಂತಿರುವಾಗ, ಓದುವಾಗ ಕೈ, ಅಂಗಿ ತೋಳು ಫ್ಯಾನಿನಿಂದ ದೂರ. 1000, 2000, 3000 ಮೂರು ಕಡೆ ನೋಡಿದರೆ ಸಾಕು. ಮೇಲಿನದನ್ನು ಮೇಜಿನ ಮೇಲೆ ನೋಡಿಯಾಗಿದೆ.

ಎಂಜಿನ್ ಓಡುವಾಗ ಮುಳ್ಳು ಒಮ್ಮೊಮ್ಮೆ ಜಿಗಿದರೆ ಮೊದಲು ಮೀಟರನ್ನು ಬೈಯಬೇಡಿ. ಪ್ಲಗ್ ವೈರ್‌ಗಳು ಮೀಟರಿನ ವೈರ್ ಪಕ್ಕ ಹಾದಿವೆಯೇ, ಮೀಟರಿನ ಅರ್ತ್ ಗಟ್ಟಿಯಿದೆಯೇ, ಬುಲೆಟ್ ಕನೆಕ್ಟರ್ ಹಸಿರುಗಟ್ಟಿದೆಯೇ ನೋಡಿ. ನಮ್ಮದರಲ್ಲಿ ಇದ್ದ ಜಿಗಿತ, ಬುಲೆಟ್‌ಗಳನ್ನು ಉಜ್ಜಿ ಗಟ್ಟಿಯಾಗಿ ಒತ್ತಿದ ಮೇಲೆ ನಿಂತುಹೋಯಿತು.

ಡಯಲ್ ಮೇಲಿನ ಕೆಂಪು ಪಟ್ಟಿ ಹಳೆಯ ಎಂಜಿನ್‌ನದು. ಹೊಸ ಎಂಜಿನ್‌ನ ಮಿತಿಯನ್ನು ಅದರ ಕೈಪಿಡಿಯಲ್ಲಿ ನೋಡಿ, ಆ ಜಾಗದಲ್ಲಿ ಗಾಜಿನ ಒಳಬದಿಗೆ ತೆಳುವಾದ ಕೆಂಪು ವಿನೈಲ್ ಚೂರು ಅಂಟಿಸಿ. ಡಯಲ್‌ಗೆ ಬಣ್ಣ ಹಚ್ಚಬೇಡಿ. ಎದುರಿನಿಂದ ನೋಡುವಾಗಷ್ಟೇ ಅದು ಸರಿಯಾದ ಜಾಗದಲ್ಲಿ ಕಾಣುತ್ತದೆ, ಡ್ರೈವರ್ ಸೀಟಿನಲ್ಲಿ ಕೂತು ಜಾಗ ಗುರುತಿಸಿಕೊಳ್ಳಿ.

ಕೇಸ್ ಮುಚ್ಚುವ ಮುನ್ನ ಒಳಗೆ ಒಂದು ಚೀಟಿ ಅಂಟಿಸಿ. ಎಂಟು ಸಿಲಿಂಡರಿಗೆ ಬದಲಾಯಿಸಿದ್ದು, ಯಾವ ಅರ್ತ್, ಹಾಕಿದ ಕಪ್ಯಾಸಿಟರ್ ಎಷ್ಟು, ತೆಗೆದದ್ದು ಎಷ್ಟು, ತಾರೀಖು. ಹಳೆಯ ಕಪ್ಯಾಸಿಟರಿನ ಪೊಟ್ಟಣವನ್ನೂ ಅಲ್ಲೇ ಮೂಲೆಯಲ್ಲಿ, ಯಾವುದಕ್ಕೂ ತಾಗದ ಹಾಗೆ ಸಿಕ್ಕಿಸಿಡಿ. ಗೆಳೆಯ ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದ. ಆಬಿಂಗ್‌ಡನ್‌ನಲ್ಲಿ ಹುಟ್ಟಿದ ಕಾರಿನೊಳಗೆ ಯಾರೋ ಮುಂದೊಂದು ದಿನ ಆ ಕನ್ನಡ ಚೀಟಿ ನೋಡಿ ತಲೆ ಕೆರೆದುಕೊಳ್ಳಲಿ ಅಂತ.